ಇಟ್ಟುಕೊಳ್ಳುವ ಫೋಟೋಗೆ ಎಷ್ಟು ಬೀಳುತ್ತದೆ?

ಪುಟ್ಟ ಫೋಟೋ ಪ್ರಿಂಟರ್ ಕೊಳ್ಳಲು ಹೊರಟವರೆಲ್ಲ ನನ್ನನ್ನು ಕೇಳುವುದು ಒಂದೇ ಮಾತು: "ಯಾವುದು ಚೆನ್ನಾಗಿದೆ?" ನಾನು ತಿರುಗಿ ಕೇಳುವುದೂ ಒಂದೇ ಮಾತು: "ಪ್ರಿಂಟ್ ಆದ ಮೇಲೆ ಆ ಫೋಟೋ ಎಲ್ಲಿಗೆ ಹೋಗುತ್ತದೆ?" ಆಲ್ಬಮ್‌ಗೋ, ಡೈರಿ ಹಾಳೆಗೋ, ಮನೆಗೆ ಬಂದವರ ಕೈಗೋ, ಇಲ್ಲಾ ಡ್ರಾಯರ್‌ನ ಮೂಲೆಗೋ? ಇದಕ್ಕೆ ಉತ್ತರ ಗೊತ್ತಿಲ್ಲದೆ ಯಂತ್ರ ಕೊಂಡರೆ ದುಡ್ಡೂ ದಂಡ, ಪ್ಲಾಸ್ಟಿಕ್ಕೂ ದಂಡ.

ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಹಾಳೆಗೆ ಎಷ್ಟು ಅಂತ ಲೆಕ್ಕ ಹಾಕುವುದನ್ನು ಬಿಡಿ. ಇಟ್ಟುಕೊಳ್ಳುವ ಒಂದೊಂದು ಫೋಟೋಗೆ ಎಷ್ಟು ಬಿತ್ತು ಅಂತ ಹಾಕಿ. ಗುಣಮಟ್ಟ, ಖರ್ಚು, ಕಸ, ಮೂರೂ ಈ ಲೆಕ್ಕದೊಳಗೇ ಬಂದುಬಿಡುತ್ತವೆ.

ಒಂದೇ ಫೋಟೋದ ಮೂರು ಪ್ರಿಂಟ್ ತಂದಿದ್ದೇನೆ. ಮುಂದಿನ ಸಾಲಿನವರು ನೋಡಿ ಹಿಂದಕ್ಕೆ ದಾಟಿಸಿ. ಕಿಟಕಿ ಪಕ್ಕ ಕೂತ ಒಬ್ಬ ಹುಡುಗಿಯ ಮುಖ. ಒಂದು ಬದಿಗೆ ಬೆಳಕು, ಇನ್ನೊಂದು ಬದಿಗೆ ನೆರಳು. ಬೇಕಂತಲೇ ಇಂಥ ಫೋಟೋ ಆರಿಸಿದ್ದೇನೆ. ಪ್ರಿಂಟರ್‌ನ ಬಂಡವಾಳ ಗೊತ್ತಾಗುವುದು ನೆರಳಿನಲ್ಲಿ ಮತ್ತು ಚರ್ಮದ ಬಣ್ಣದಲ್ಲಿ. ಹೂವು, ಆಕಾಶ, ಸೂರ್ಯಾಸ್ತ ಎಲ್ಲದರಲ್ಲೂ ಚೆನ್ನಾಗಿಯೇ ಬರುತ್ತವೆ. ಅಂಗಡಿಯಲ್ಲಿ ತೋರಿಸುವ ಮಾದರಿ ಚಿತ್ರಗಳು ಸಾಮಾನ್ಯವಾಗಿ ಅಂಥವೇ, ಗಮನಿಸಿದ್ದೀರಾ?

ಮೊದಲನೆಯದು ಜಿಂಕ್. ಜೀರೋ ಇಂಕ್ ಎನ್ನುವುದನ್ನು ಕುಗ್ಗಿಸಿ ಇಟ್ಟ ಹೆಸರು. ಇದರಲ್ಲಿ ಶಾಯಿಯೂ ಇಲ್ಲ, ರಿಬ್ಬನ್ನೂ ಇಲ್ಲ. ಬಣ್ಣವೆಲ್ಲ ಕಾಗದದೊಳಗೇ ಇರುತ್ತದೆ. ಮೇಲೆ ಹಳದಿ, ನಡುವೆ ಮೆಜೆಂಟಾ ಅಂದರೆ ಕಡು ಗುಲಾಬಿ, ಕೆಳಗೆ ಸಯಾನ್ ಅಂದರೆ ಹಸಿರು ಬೆರೆತ ನೀಲಿ, ಹೀಗೆ ಮೂರು ಪದರ. ಬಿಸಿ ತಾಗುವ ತನಕ ಮೂರಕ್ಕೂ ಬಣ್ಣವಿಲ್ಲ, ಹಾಳೆ ಬೆಳ್ಳಗೆ ಕಾಣುತ್ತದೆ. ಪ್ರಿಂಟರ್‌ನ ಹೆಡ್ ಜಾಸ್ತಿ ಬಿಸಿಯನ್ನು ಒಂದು ಕ್ಷಣ ಮಾತ್ರ ಕೊಟ್ಟರೆ ಮೇಲಿನ ಹಳದಿ ಏಳುತ್ತದೆ. ಕಡಿಮೆ ಬಿಸಿಯನ್ನು ಸ್ವಲ್ಪ ಹೆಚ್ಚು ಹೊತ್ತು ಕೊಟ್ಟರೆ ಅದು ಕೆಳಗಿನವರೆಗೆ ಇಳಿದು ಸಯಾನ್ ಏಳುತ್ತದೆ. ಹಾಳೆ ಒಂದೇ ಸಲ ಹಾದು ಹೊರಗೆ ಬರುವಷ್ಟರಲ್ಲಿ ಇದೆಲ್ಲ ಮುಗಿದಿರುತ್ತದೆ. ಎಂಥ ಜಾಣ ಉಪಾಯ ನೋಡಿ!

ಆದರೆ ಬಿಸಿಯಿಂದ ಮೂರು ಬಣ್ಣಗಳನ್ನು ಪೂರ್ತಿ ಬೇರೆ ಬೇರೆಯಾಗಿ ಎಬ್ಬಿಸುವುದು ಕಷ್ಟ. ಒಂದನ್ನು ಎಬ್ಬಿಸುವಾಗ ಪಕ್ಕದ್ದು ಸ್ವಲ್ಪ ಏಳುತ್ತದೆ. ಅದಕ್ಕೇ ಜಿಂಕ್ ಪ್ರಿಂಟ್‌ನಲ್ಲಿ ನೆರಳಿನ ಭಾಗ ಶುದ್ಧ ಕಪ್ಪಾಗಿ ಬರುವುದು ಅಪರೂಪ. ಹಸಿರು ಛಾಯೆಯೋ ನೇರಳೆ ಛಾಯೆಯೋ ಸೇರಿಕೊಂಡಿರುತ್ತದೆ. ನಿಮ್ಮ ಕೈಯಲ್ಲಿರುವ ಪ್ರಿಂಟ್‌ನಲ್ಲಿ ಆ ಹುಡುಗಿಯ ಕೂದಲು ನೋಡಿ, ಗೊತ್ತಾಗುತ್ತದೆ.

ಎರಡನೆಯದು ಫ್ಯೂಜಿಫಿಲ್ಮ್ ಕಂಪನಿಯ ಇನ್‌ಸ್ಟಾಕ್ಸ್ ಥರದ್ದು. ಇದು ನಿಜವಾದ ಫಿಲ್ಮ್. ಪ್ರಿಂಟರ್ ಎಂದು ಕರೆದರೂ ಅದು ಮಾಡುವ ಕೆಲಸ ಕ್ಯಾಮೆರಾದ್ದು. ಒಳಗಿನ ಪುಟ್ಟ ಬೆಳಕಿನ ಸಾಲು ಫಿಲ್ಮ್ ಮೇಲೆ ಚಿತ್ರ ಮೂಡಿಸುತ್ತದೆ. ಆಮೇಲೆ ರೋಲರ್‌ಗಳು ಫಿಲ್ಮ್‌ನ ಅಂಚಿನಲ್ಲಿರುವ ರಾಸಾಯನಿಕದ ಚೀಲವನ್ನು ಹಿಂಡಿ ಒಳಗೆಲ್ಲ ಹರಡುತ್ತವೆ. ಒಂದೂವರೆ ನಿಮಿಷದ ಹೊತ್ತಿಗೆ ಚಿತ್ರ ಕಾಣಿಸಿಕೊಳ್ಳುತ್ತದೆ. ಅಲ್ಲಾಡಿಸಬೇಡಿ, ಬಗ್ಗಿಸಬೇಡಿ, ಸುಮ್ನೆ ಮೇಜಿನ ಮೇಲೆ ಇಡಿ. ಅಲ್ಲಾಡಿಸಿದರೆ ಬೇಗ ಬರುವುದಿಲ್ಲ. ಬಗ್ಗಿದರೆ ಒಳಗಿನ ರಾಸಾಯನಿಕ ಸಮನಾಗಿ ಹರಡದೆ ಕಲೆ ಬೀಳಬಹುದು. ಇದರಲ್ಲಿ ಮಿನಿ ಎಂಬ ಚಿಕ್ಕ ಅಳತೆಯ ಫಿಲ್ಮ್ 54×86 ಮಿಲಿಮೀಟರ್ ಇದ್ದರೂ ಚಿತ್ರ ಬರುವ ಜಾಗ 46×62 ಮಾತ್ರ. ಅದರ ಮೆದುವಾದ ಬಣ್ಣ, ಸ್ವಲ್ಪ ಮಸುಕಾದ ಅಂಚು ಬಹಳ ಜನಕ್ಕೆ ಇಷ್ಟ. ನನಗೂ ಇಷ್ಟ. ವಿವರ ಬೇಕು ಅನ್ನುವವರಿಗೆ ಮಾತ್ರ ಅದು ಸಾಲದು.

ಮೂರನೆಯದು ಡೈ ಸಬ್ಲಿಮೇಷನ್. ಕ್ಯಾನನ್‌ನ ಸೆಲ್ಫಿ (SELPHY) ಎಂಬ ಪ್ರಿಂಟರ್ ಸರಣಿ ಈ ಬಗೆಯದ್ದು, ಕೊಡಾಕ್‌ನ ಕೆಲವು ಪುಟ್ಟ ಯಂತ್ರಗಳೂ ಇದೇ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಯಾಕಂದರೆ ಗುಣಮಟ್ಟದಲ್ಲಿ ಮುಂದಿರುವುದೂ ಇದೇ, ಕಣ್ಣಿಗೆ ಕಾಣದ ಕಸ ಜಾಸ್ತಿ ಇರುವುದೂ ಇದರಲ್ಲೇ.

ಇಲ್ಲಿ ಒಂದು ತೆಳು ಪ್ಲಾಸ್ಟಿಕ್ ರಿಬ್ಬನ್ ಇರುತ್ತದೆ. ಅದರ ಮೇಲೆ ಹಳದಿ, ಮೆಜೆಂಟಾ, ಸಯಾನ್, ಕೊನೆಗೆ ಬಣ್ಣವಿಲ್ಲದ ಒಂದು ರಕ್ಷಣೆಯ ಪದರ. ಒಂದೊಂದೂ ಫೋಟೋದಷ್ಟೇ ಉದ್ದ. ಕಾರ್ಬನ್ ಪೇಪರ್ ನೆನಪಿದ್ದವರು ಅದನ್ನೇ ನೆನೆಸಿಕೊಳ್ಳಿ. ಒತ್ತುವ ಬದಲು ಇಲ್ಲಿ ಬಿಸಿ ಕೊಡುತ್ತಾರೆ, ಅಷ್ಟೇ. ಬಿಸಿ ಎಷ್ಟೋ ಬಣ್ಣ ಅಷ್ಟು. ಹಾಳೆ ನಾಲ್ಕು ಸಲ ಒಳಗೆ ಹೋಗಿ ಹೊರಗೆ ಬರುತ್ತದೆ. ಮೊದಲ ಸಲ ಹೊರಬಂದಾಗ ಬರೀ ಹಳದಿ ಮುಖ. ಕಣ್ಣು ಎಲ್ಲಿ, ಮೂಗು ಎಲ್ಲಿ ಅಂತ ಹುಡುಕಬೇಕು. ಎರಡನೇ ಸಲಕ್ಕೆ ಮುಖ ಕಿತ್ತಳೆಗೆ ತಿರುಗಿ ತುಟಿ, ಕೆನ್ನೆ ಕಾಣುತ್ತವೆ. ಮೂರನೇ ಸಲ ಸಯಾನ್ ಬಿದ್ದ ಕೂಡಲೇ ಕೂದಲು ಕಪ್ಪಾಗುತ್ತದೆ, ಕಿಟಕಿಯ ಆಚೆ ಆಕಾಶ ಬರುತ್ತದೆ, ಫೋಟೋ ಫೋಟೋ ಆಗುತ್ತದೆ. ನಾಲ್ಕನೇ ಸಲ ಮೇಲೆ ರಕ್ಷಣೆಯ ಪದರ. ಇದೆಲ್ಲಕ್ಕೂ ಒಂದು ನಿಮಿಷವೂ ಬೇಡ.

ಆ ಹೊತ್ತಿನಲ್ಲಿ ಹಾಳೆ ಯಂತ್ರದ ಹಿಂಬದಿಯಿಂದಲೂ ಹೊರಗೆ ಚಾಚುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಪ್ರಿಂಟರನ್ನು ಗೋಡೆಗೆ ಒತ್ತಿ ಇಟ್ಟರೆ ಹಾಳೆ ಗೋಡೆಗೆ ತಾಗುತ್ತದೆ. ಒಂದು ಬಣ್ಣ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಅಂಚುಗಳು ಎರಡೆರಡಾಗಿ ಕಾಣುತ್ತವೆ. ಹಿಂದೆ ಒಂದು ಹಾಳೆ ಉದ್ದದ ಜಾಗ ಬಿಡಿ.

ಈಗ ಪೆಟ್ಟಿಗೆಯ ಮೇಲಿನ ಸಂಖ್ಯೆಗಳ ಬಗ್ಗೆ ಒಂದು ಮಾತು. ಡೈ ಸಬ್ಲಿಮೇಷನ್ ಯಂತ್ರದ ಮೇಲೆ 300×300 ಡಿಪಿಐ, ಅಂದರೆ ಒಂದು ಇಂಚಿಗೆ ಅಷ್ಟು ಚುಕ್ಕಿ, ಅಂತ ಇರುತ್ತದೆ. ಜಿಂಕ್ ಯಂತ್ರದ ಮೇಲೆ 313×400 ಅಂತ ಇರುವುದುಂಟು. ಸಂಖ್ಯೆ ನೋಡಿದರೆ ಜಿಂಕ್ ಮೇಲು, ಅಲ್ವಾ? ಪ್ರಿಂಟ್ ನೋಡಿದರೆ ತಿರುವುಮುರುವು. ಡೈ ಸಬ್ಲಿಮೇಷನ್‌ನಲ್ಲಿ ಒಂದೊಂದು ಚುಕ್ಕಿಯಲ್ಲೂ ಒಂದೊಂದು ಬಣ್ಣಕ್ಕೆ 256 ಹಂತ ಇರುತ್ತವೆ. ಕೆನ್ನೆಯ ಬೆಳಕು ನೆರಳಿಗೆ ಜಾರುವ ಜಾಗದಲ್ಲಿ ಗೆರೆ ಬೀಳದೆ ನಯವಾಗಿ ಇಳಿಯುತ್ತದೆ. ಎಷ್ಟು ಚುಕ್ಕಿ ಎನ್ನುವುದಕ್ಕಿಂತ ಒಂದು ಚುಕ್ಕಿ ಎಷ್ಟು ಬಗೆಯಾಗಿ ಬರಬಲ್ಲದು ಎನ್ನುವುದು ಮುಖ್ಯ. ಪೆಟ್ಟಿಗೆಯಲ್ಲಿ ದೊಡ್ಡದಾಗಿ ಬರೆಯುವುದು ಮೊದಲನೆಯದನ್ನು.

ಹಾಗೇ ಫೋನ್ ಕ್ಯಾಮೆರಾದ ಮೆಗಾಪಿಕ್ಸೆಲ್. ಒಂದು ಮೆಗಾಪಿಕ್ಸೆಲ್ ಅಂದರೆ ಹತ್ತು ಲಕ್ಷ ಚುಕ್ಕಿ. 4×6 ಇಂಚಿನ ಹಾಳೆಗೆ 300 ಡಿಪಿಐನಲ್ಲಿ ಬೇಕಾಗುವುದು 1200×1800 ಚುಕ್ಕಿ. ಅಂದರೆ ಎರಡು ಮೆಗಾಪಿಕ್ಸೆಲ್ ಚಿಲ್ಲರೆ. 12 ಆಗಲಿ 48 ಆಗಲಿ, ಹಾಳೆಗೆ ಹೋಗುವುದು ಅಷ್ಟೇ. ಆದರೂ ಪ್ರಿಂಟ್ ಮಸುಕಾಗಿ ಬರುವುದಕ್ಕೆ ಕಾರಣ ಬಹಳ ಸಲ ಕ್ಯಾಮೆರಾ ಆಗಿರುವುದಿಲ್ಲ. ಮೆಸೇಜ್ ಆ್ಯಪ್‌ನಲ್ಲಿ ಕೈಯಿಂದ ಕೈಗೆ ದಾಟಿ ಬರುವಾಗ ಫೋಟೋ ಕುಗ್ಗಿರುತ್ತದೆ. ಅದರ ಸ್ಕ್ರೀನ್‌ಶಾಟ್ ತೆಗೆದು, ಅದರಲ್ಲೂ ಒಂದು ಮೂಲೆ ಕತ್ತರಿಸಿ ಪ್ರಿಂಟ್‌ಗೆ ಕೊಟ್ಟರೆ ಯಾವ ಯಂತ್ರ ತಾನೇ ಏನು ಮಾಡೀತು? ತೆಗೆದವರಿಂದ ಮೂಲ ಫೈಲನ್ನೇ ತರಿಸಿಕೊಳ್ಳಿ. ಅದನ್ನು ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಹೇಳಿದರೆ ಕುಗ್ಗದೆ ಬರುತ್ತದೆ.

ಇನ್ನೊಂದು, ತಲೆ ಕತ್ತರಿಸಿ ಹೋಗುವ ಕಥೆ. ಹೆಚ್ಚಿನ ಫೋನ್‌ಗಳು 4:3 ಅಳತೆಯಲ್ಲಿ ಫೋಟೋ ತೆಗೆಯುತ್ತವೆ. 4×6 ಹಾಳೆ, 2×3 ಹಾಳೆ ಎರಡೂ 3:2. ಹಾಳೆ ತುಂಬ ಚಿತ್ರ ಬರಬೇಕಾದರೆ ಫೋಟೋದ ಒಂಬತ್ತನೇ ಒಂದು ಭಾಗ ಕತ್ತರಿಸಲೇಬೇಕು. ಗುಂಪಿನ ಫೋಟೋದಲ್ಲಿ ಆ ಒಂಬತ್ತನೇ ಒಂದು ಭಾಗದಲ್ಲೇ ಹಿಂದೆ ನಿಂತವರ ತಲೆ ಇರುತ್ತದೆ! ಇನ್‌ಸ್ಟಾಕ್ಸ್ ಮಿನಿಯ ಚಿತ್ರದ ಜಾಗ 4:3ಕ್ಕೆ ಹತ್ತಿರ ಇರುವುದರಿಂದ ಅಲ್ಲಿ ಈ ತೊಂದರೆ ಕಡಿಮೆ. ಬೇರೆಯವುಗಳಲ್ಲಿ ಪ್ರಿಂಟ್ ಒತ್ತುವ ಮುಂಚೆ ಆ್ಯಪ್ ತೋರಿಸುವ ಚೌಕಟ್ಟನ್ನು ನೋಡಿ. ಬಿಳಿ ಅಂಚು ಇಟ್ಟು ಪೂರ್ತಿ ಚಿತ್ರ ಹಾಕುವ ಆಯ್ಕೆ ಹೆಚ್ಚಿನದರಲ್ಲಿ ಇರುತ್ತದೆ.

ಖರ್ಚಿಗೆ ಬರೋಣ. ಜಿಂಕ್ ಹಾಳೆ ಸಾಮಾನ್ಯವಾಗಿ 2×3 ಇಂಚು, ಅಂದರೆ 6 ಚದರ ಇಂಚು. 4×6 ಅಂದರೆ 24 ಚದರ ಇಂಚು. ಹಾಳೆಗೆ ಇಷ್ಟು ಅಂತ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಮೋಸ ಹೋಗುತ್ತೀರಿ, ಒಂದು ಇನ್ನೊಂದರ ನಾಲ್ಕನೇ ಒಂದು ಪಾಲು ಮಾತ್ರ. ಇನ್‌ಸ್ಟಾಕ್ಸ್ ಮಿನಿಯದ್ದು ಇನ್ನೂ ಚಿಕ್ಕದು. ಸೆಲ್ಫಿಯ ಪೋಸ್ಟ್‌ಕಾರ್ಡ್ ಅಳತೆ 100×148 ಮಿಲಿಮೀಟರ್. ಅಷ್ಟು ಜಾಗದಲ್ಲಿ ಮಿನಿಯ ಚಿತ್ರ ಐದಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತವೆ. ಯಂತ್ರ ಅಗ್ಗ, ಹಾಳೆ ದುಬಾರಿ. ಈ ವ್ಯಾಪಾರ ನಡೆಯುವುದೇ ಹಾಗೆ. ಆದ್ದರಿಂದ ಅಂಗಡಿಯಲ್ಲಿ ಮೊದಲು ನೋಡಬೇಕಾದ್ದು ಹಾಳೆಯ ಪ್ಯಾಕನ್ನು.

ಆದರೆ ಜಾಗದ ಲೆಕ್ಕವೂ ಅರ್ಧ ಲೆಕ್ಕವೇ. ಹತ್ತು ಹಾಳೆಯ ಒಂದು ಪ್ಯಾಕ್ ಇದೆ ಅಂದುಕೊಳ್ಳಿ. ಎರಡರಲ್ಲಿ ಮುಖ ಕಪ್ಪಗೆ ಬಂತು. ಒಂದರಲ್ಲಿ ತಲೆ ಕತ್ತರಿಸಿತು. ಮೂರು ಸುಮ್ನೆ ಹೊಸ ಯಂತ್ರದ ಉತ್ಸಾಹಕ್ಕೆ ಹಾಕಿದವು, ಡ್ರಾಯರ್‌ಗೆ ಹೋದವು. ಉಳಿದದ್ದು ನಾಲ್ಕು. ಪ್ಯಾಕ್ ಲೆಕ್ಕದಲ್ಲಿ ಒಂದು ಹಾಳೆಗೆ ಬೀಳುವ ಬೆಲೆಯ ಎರಡೂವರೆ ಪಟ್ಟು ಬಿತ್ತು ನಿಮ್ಮ ಒಂದೊಂದು ಫೋಟೋಗೆ. ದುಬಾರಿ ಹಾಳೆಯಲ್ಲಿ ಹತ್ತಕ್ಕೆ ಒಂಬತ್ತು ಉಳಿಸಿಕೊಳ್ಳುವವರು ಅಗ್ಗದ ಹಾಳೆಯಲ್ಲಿ ನಾಲ್ಕು ಉಳಿಸಿಕೊಳ್ಳುವವರಿಗಿಂತ ಕಡಿಮೆ ಖರ್ಚು ಮಾಡುತ್ತಿರಬಹುದು. ಮನೆಗೆ ಹೋಗಿ ನಿಮ್ಮ ಡ್ರಾಯರ್ ತೆಗೆದು ಎಣಿಸಿ ನೋಡಿ.

ಈಗ ಕಸ. ಒಂದು ಖಾಲಿ ರಿಬ್ಬನ್ ಕ್ಯಾಸೆಟ್ ಬಿಚ್ಚಿ ತಂದಿದ್ದೇನೆ. ಹಿಂದೆ ಕೂತವರಿಗೂ ಕಾಣಲಿ. ಒಂದು ಫೋಟೋಗೆ ನಾಲ್ಕು ಪದರ, ಒಂದೊಂದು ಸುಮಾರು 15 ಸೆಂಟಿಮೀಟರ್. ಒಟ್ಟು ಹತ್ತಿರ ಹತ್ತಿರ 60 ಸೆಂಟಿಮೀಟರ್ ಪ್ಲಾಸ್ಟಿಕ್. 36 ಫೋಟೋದ ಕ್ಯಾಸೆಟ್‌ಗೆ 21 ಮೀಟರ್ ದಾಟುತ್ತದೆ. ಇಲ್ಲಿಂದ ಆ ಬಾಗಿಲಿನವರೆಗೆ ಎಳೆದರೂ ಇನ್ನೂ ಉಳಿಯುತ್ತದೆ. ಇನ್ನೊಂದು ವಿಷಯ: ಹಿಮದ ಬಯಲಿನ ಫೋಟೋ ಹಾಕಿ, ರಾತ್ರಿಯ ಫೋಟೋ ಹಾಕಿ, ಖರ್ಚಾಗುವ ರಿಬ್ಬನ್ ಒಂದೇ. ಇಂಕ್‌ಜೆಟ್‌ನಲ್ಲಿ ಬಿಳಿ ಜಾಗಕ್ಕೆ ಶಾಯಿ ಬೇಡ. ಇಲ್ಲಿ ಹಾಗಿಲ್ಲ, ಬಣ್ಣ ತೆಗೆದುಕೊಳ್ಳದ ಪದರವೂ ಮುಂದಕ್ಕೆ ಸುತ್ತಿಕೊಂಡು ಹೋಗುತ್ತದೆ. ಹಿಂದೆ ಸುತ್ತಿ ಮತ್ತೆ ಬಳಸುವ ಹಾಗಿಲ್ಲ.

ಜಿಂಕ್‌ನಲ್ಲಿ ರಿಬ್ಬನ್ ಕಸ ಇಲ್ಲ, ಅದು ಅದರ ದೊಡ್ಡ ಗುಣ. ಹಿಂದೆ ಅಂಟು ಇರುವ ಹಾಳೆಯಾದರೆ, ಅಂಟಿಸಲು ಸುಲಿದ ಸಿಪ್ಪೆಯಷ್ಟೇ ಕಸ. ಇನ್‌ಸ್ಟಾಕ್ಸ್‌ನಲ್ಲಿ ಹತ್ತು ಫೋಟೋಗೆ ಒಂದು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ, ಒಂದು ಕಪ್ಪು ಮುಚ್ಚಳದ ಹಾಳೆ, ಹೊರಗಿನ ಕವರ್. ಇವುಗಳಲ್ಲಿ ಯಾವ ಬಗೆಯ ಫೋಟೋವನ್ನೂ ಹಳೆ ಪೇಪರ್ ಜೊತೆ ರದ್ದಿಗೆ ಹಾಕಬೇಡಿ. ಪ್ಲಾಸ್ಟಿಕ್ ಲೇಪ, ರಾಸಾಯನಿಕ ಎಲ್ಲ ಸೇರಿರುವುದರಿಂದ ಅದು ಕಾಗದವಾಗಿ ಮರುಬಳಕೆ ಆಗುವುದಿಲ್ಲ, ಒಳ್ಳೆಯ ರದ್ದಿಯನ್ನೂ ಕೆಡಿಸುತ್ತದೆ.

ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಆದರೆ ಇದು ನನಗೆ ತುಂಬ ಇಷ್ಟವಾದ ವಿಷಯ. ಕೈಯಲ್ಲೇ ಫೋಟೋ, ಕೈಯಲ್ಲೇ ಕಸ ಎಂಬ ಈ ಸಮಸ್ಯೆ ಹಳೆಯದು. ಪೊಲರಾಯ್ಡ್ ಕ್ಯಾಮೆರಾ ಕಂಪನಿ ಕಟ್ಟಿದ ಎಡ್ವಿನ್ ಲ್ಯಾಂಡ್ 1947ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಒಂದು ನಿಮಿಷದಲ್ಲಿ ಫೋಟೋ ಬರಿಸಿ ತೋರಿಸಿದರು. ಆ ಕಾಲದ ಫಿಲ್ಮನ್ನು ಸಿಪ್ಪೆಯಂತೆ ಬಿಡಿಸಬೇಕಿತ್ತು. ಒಂದು ಕಡೆ ಫೋಟೋ, ಇನ್ನೊಂದು ಕಡೆ ರಾಸಾಯನಿಕ ಮೆತ್ತಿಕೊಂಡ ಕಸ. ಜನ ನಿಂತಲ್ಲೇ ಎಸೆದು ಹೋಗುತ್ತಿದ್ದರು. ಬಿಸಾಡುವುದು ಏನೂ ಇರಬಾರದು ಎಂಬ ಹಟದಿಂದ ಲ್ಯಾಂಡ್ ಅವರ ತಂಡ 1972ರಲ್ಲಿ ಎಸ್‌ಎಕ್ಸ್-70 ಎಂಬ ಕ್ಯಾಮೆರಾ ತಂದಿತು. ಫೋಟೋ, ರಾಸಾಯನಿಕ, ಎಲ್ಲ ಒಂದೇ ಚೌಕದೊಳಗೆ. ಸುಲಿಯುವುದಿಲ್ಲ, ಎಸೆಯುವುದಿಲ್ಲ. ಆದರೆ ಕ್ಯಾಮೆರಾಗೆ ಕರೆಂಟ್ ಬೇಕಲ್ಲ? ಅದಕ್ಕಾಗಿ ಪ್ರತಿ ಫಿಲ್ಮ್ ಪ್ಯಾಕ್‌ನಲ್ಲೂ ಒಂದೊಂದು ಚಪ್ಪಟೆ ಬ್ಯಾಟರಿ ಇಟ್ಟರು! ಕಸ ಕೈಯಿಂದ ಮಾಯವಾಗಿ ಪ್ಯಾಕ್‌ನೊಳಗೆ ಸೇರಿತು. ಈಗಿನ ರಿಬ್ಬನ್ನೂ ಹಾಗೇ. ಕ್ಯಾಸೆಟ್‌ನೊಳಗೆ ಇರುವುದರಿಂದ ನಮಗೆ ಕಾಣುವುದಿಲ್ಲ.

ಅದೇ ಪೊಲರಾಯ್ಡ್ ಕಂಪನಿ 2008ರಲ್ಲಿ ತನ್ನ ಫಿಲ್ಮ್ ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ಚೆನ್ನಾಗಿ ಕೆಲಸ ಮಾಡುತ್ತಿದ್ದ ಎಷ್ಟೋ ಕ್ಯಾಮೆರಾಗಳು ಬರಿದಾದವು. ನೆದರ್ಲೆಂಡ್ಸ್‌ನ ಎನ್‌ಶೆಡೆಯಲ್ಲಿದ್ದ ಕೊನೆಯ ಕಾರ್ಖಾನೆಯ ಯಂತ್ರಗಳನ್ನು ಕೆಲವರು ಕೊಂಡು, ಫಿಲ್ಮನ್ನು ಹೊಸದಾಗಿ ಕಂಡುಹಿಡಿದಷ್ಟೇ ಕಷ್ಟಪಟ್ಟು ಮತ್ತೆ ತಯಾರಿಸಿದರು. ಎಲ್ಲ ಯಂತ್ರಕ್ಕೂ ಅಂಥ ಅದೃಷ್ಟ ಇರುವುದಿಲ್ಲ. ಹಾಳೆ ಸಿಗುವ ತನಕ ಮಾತ್ರ ಅದು ಪ್ರಿಂಟರ್. ಹೆಸರೇ ಕೇಳದ, ಅದರದ್ದೇ ಅಳತೆಯ ಹಾಳೆ ಬೇಕಾದ ಯಂತ್ರ ಎಷ್ಟೇ ಅಗ್ಗವಾದರೂ ಕೊಳ್ಳುವ ಮುಂಚೆ ಯೋಚಿಸಿ. ಫೋನ್ ಆ್ಯಪ್ ಇಲ್ಲದೆ ನಡೆಯದ ಯಂತ್ರಕ್ಕೂ ಇದೇ ಮಾತು. ಮೆಮೊರಿ ಕಾರ್ಡ್‌ನಿಂದಲೋ ಪೆನ್ ಡ್ರೈವ್‌ನಿಂದಲೋ ನೇರವಾಗಿ ಪ್ರಿಂಟ್ ಮಾಡುವಂಥದ್ದು ಸಿಕ್ಕರೆ ಅದರ ಆಯಸ್ಸು ಜಾಸ್ತಿ.

ಹಾಗಾದರೆ ಹಾಳು ಕಡಿಮೆ ಮಾಡುವುದು ಹೇಗೆ? ನನಗೆ ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಇದು. ಫೋನ್ ಪರದೆ ತಾನೇ ಬೆಳಗುತ್ತದೆ, ಕಾಗದ ಬೇರೆ ಬೆಳಕನ್ನು ತಿರುಗಿಸುತ್ತದೆ ಅಷ್ಟೇ. ಹೀಗಾಗಿ ಪರದೆಯಲ್ಲಿ ಸರಿಯಾಗಿ ಕಂಡದ್ದು ಕಾಗದದ ಮೇಲೆ ಕಪ್ಪಾಗಿ ಕಾಣುತ್ತದೆ. ಹೊಸ ಯಂತ್ರ ಬಂದ ದಿನ, ಒಂದು ಮುಖದ ಫೋಟೋ ತೆಗೆದುಕೊಳ್ಳಿ. ಇದ್ದ ಹಾಗೇ ಒಂದು, ಸ್ವಲ್ಪ ಬೆಳಕು ಹೆಚ್ಚಿಸಿ ಒಂದು, ಇನ್ನೂ ಹೆಚ್ಚಿಸಿ ಎರಡು, ಹೀಗೆ ನಾಲ್ಕು ಪ್ರತಿ ಮಾಡಿ. ನಾಲ್ಕನ್ನೂ ಕೊಲಾಜ್ ಮಾಡಿ ಒಂದೇ ಹಾಳೆಗೆ ಹಾಕಿ. ಹಗಲು ಬೆಳಕಿನಲ್ಲಿ ನೋಡಿ, ಸರಿ ಕಂಡದ್ದು ಯಾವುದು, ಎಷ್ಟು ಹೆಚ್ಚಿಸಿದ್ದಿರಿ ಎಂದು ಹಾಳೆಯ ಹಿಂದೆ ಬರೆದಿಡಿ. ಒಂದು ಹಾಳೆ ಖರ್ಚಾಯಿತು. ಆಮೇಲೆ ಕಪ್ಪು ಮುಖಗಳು ಬರುವುದು ತೀರಾ ಕಡಿಮೆಯಾಗುತ್ತದೆ.

ಜಿಂಕ್ ಪ್ಯಾಕ್‌ನಲ್ಲಿ ಸಾಮಾನ್ಯವಾಗಿ ಒಂದು ಬಣ್ಣದ ಹಾಳೆ ಇರುತ್ತದೆ, ಬಾರ್‌ಕೋಡ್ ಇರುವಂಥದ್ದು. ಅದನ್ನು ಬಿಸಾಡುವವರಿದ್ದಾರೆ. ಬೇಡ! ಈ ಪ್ಯಾಕ್‌ನ ಕಾಗದ ಎಂಥದ್ದು ಅಂತ ಯಂತ್ರಕ್ಕೆ ತಿಳಿಸುವುದು ಅದೇ. ಒಳಗಿನ ದೂಳನ್ನು ಒರೆಸುವುದೂ ಅದೇ. ಒಂದು ಪ್ಯಾಕ್‌ನದ್ದನ್ನು ಇನ್ನೊಂದಕ್ಕೆ ಬೆರೆಸಬೇಡಿ. ಫೋಟೋದ ಉದ್ದಕ್ಕೂ ಒಂದು ಬಿಳಿ ಗೆರೆ ಬಂದರೆ ಹೆಡ್‌ಗೆ ದೂಳು ಅಂಟಿದೆ ಎಂದರ್ಥ, ಆ ಬಾರ್‌ಕೋಡ್ ಹಾಳೆಯನ್ನೇ ಮತ್ತೊಮ್ಮೆ ಹಾಯಿಸಿ. ಬಿಸಿಲಿಗೆ ನಿಂತ ಕಾರಿನೊಳಗೆ ಜಿಂಕ್ ಹಾಳೆ ಇಡಬೇಡಿ. ಬಿಸಿಯಿಂದಲೇ ಬಣ್ಣ ಏಳುವ ಕಾಗದ ಅದು, ನೆನಪಿರಲಿ.

ಡೈ ಸಬ್ಲಿಮೇಷನ್ ಫೋಟೋಗಳು ಮೇಲಿನ ಪದರದಿಂದಾಗಿ ಬೆರಳಚ್ಚಿಗೆ, ನೀರಿನ ಹನಿಗೆ ಹೆದರುವುದಿಲ್ಲ. ಆದರೆ ಮೆತ್ತನೆಯ ಪಿವಿಸಿ ಕವರ್, ಪ್ಲಾಸ್ಟಿಕ್ ಟೇಬಲ್ ಹಾಸು, ರಬ್ಬರ್ ಇವುಗಳಿಗೆ ತಾಗಿಸಿ ಇಟ್ಟರೆ ಬಣ್ಣ ಅದಕ್ಕೆ ಇಳಿದು ಹೋಗುತ್ತದೆ. ಆಲ್ಬಮ್ ಕೊಳ್ಳುವಾಗ ಪಿವಿಸಿ ಅಲ್ಲದ್ದು ನೋಡಿ.

ಸಭೆಯಿಂದ ಒಬ್ಬರು ಕೇಳಿದರು: "ಮೇಡಂ, ಪ್ರವಾಸದಿಂದ ಬಂದು 60 ಫೋಟೋ ಹಾಕಬೇಕು, ಯಾವ ಯಂತ್ರ?" ಯಾವುದೂ ಬೇಡ. ಅದನ್ನು ಲ್ಯಾಬ್‌ಗೆ ಕೊಡಿ. ಒಟ್ಟಿಗೆ ಕೊಟ್ಟರೆ ಅಲ್ಲಿ ಸಾಮಾನ್ಯವಾಗಿ ಅಗ್ಗ, ಫೋಟೋಗೊಂದು ರಿಬ್ಬನ್ ತುಂಡಿನ ಕಸವೂ ನಿಮ್ಮ ಮನೆಗೆ ಬರುವುದಿಲ್ಲ. ಪುಟ್ಟ ಪ್ರಿಂಟರ್ ಬೇಕಾಗುವುದು ಒಂದು, ಎರಡು, ಐದು ಫೋಟೋ ಈಗಲೇ, ಇಲ್ಲೇ ಬೇಕಾದಾಗ. ಅಜ್ಜಿ ಹೊರಡುವ ಮುಂಚೆ ಅವರ ಕೈಗೆ ಮೊಮ್ಮಗುವಿನ ಜೊತೆ ತೆಗೆದ ಫೋಟೋ ಕೊಟ್ಟು ಕಳಿಸಿದರೆ, ಅದಕ್ಕೆ ಖರ್ಚಾದ 60 ಸೆಂಟಿಮೀಟರ್ ರಿಬ್ಬನ್ ಬಗ್ಗೆ ನನಗೆ ಕಿಂಚಿತ್ತೂ ಬೇಜಾರಿಲ್ಲ. ಡೈರಿ ಬರೆಯುವ ಮಕ್ಕಳಿಗೆ ಜಿಂಕ್ ಸಾಕು. ಆಲ್ಬಮ್‌ಗೆ ಡೈ ಸಬ್ಲಿಮೇಷನ್.

ಇನ್ನೊಬ್ಬರ ಪ್ರಶ್ನೆ: "ಖಾಲಿ ರಿಬ್ಬನ್ ಹಾಗೇ ಕಸಕ್ಕೆ ಹಾಕಬಹುದಾ?" ಬಹಳ ಒಳ್ಳೆಯ ಪ್ರಶ್ನೆ. ನಾನು ಬಿಚ್ಚಿ ತಂದದ್ದನ್ನು ಬೆಳಕಿಗೆ ಹಿಡಿದು ನೋಡಿ. ಹಳದಿ ಪದರದಲ್ಲಿ ಆ ಹುಡುಗಿಯ ಮುಖ ಇದೆ, ಬಣ್ಣ ಇಳಿದು ಹೋದ ಜಾಗ ತೆಳ್ಳಗಾಗಿದೆ. ಮೆಜೆಂಟಾದಲ್ಲೂ ಇದೆ, ಸಯಾನ್‌ನಲ್ಲೂ ಇದೆ. ನೀವು ಹಾಕಿದ ಪ್ರತಿ ಫೋಟೋದ ನೆಗೆಟಿವ್ ಸಾಲಾಗಿ ಕ್ಯಾಸೆಟ್‌ನಲ್ಲಿ ಉಳಿದಿರುತ್ತದೆ. ಮಕ್ಕಳ ಫೋಟೋ, ಗುರುತಿನ ಚೀಟಿಯ ಪ್ರತಿ ಹಾಕಿದ್ದರೆ ಹಾಗೇ ಕಸದ ಬುಟ್ಟಿಗೆ ಹಾಕಬೇಡಿ. ಕ್ಯಾಸೆಟ್ ಬಿಚ್ಚಿ, ಸುರುಳಿಯನ್ನು ಕತ್ತರಿಯಿಂದ ಅಡ್ಡಡ್ಡ ಕತ್ತರಿಸಿ, ಹೊರಗಿನ ಗಟ್ಟಿ ಪ್ಲಾಸ್ಟಿಕ್ಕನ್ನು ಬೇರೆ ಮಾಡಿ. ಯಂತ್ರವೇ ಕೆಟ್ಟರೆ ಒಳಗೆ ಲಿಥಿಯಂ ಬ್ಯಾಟರಿ ಇರಬಹುದು, ಅದು ಇ-ತ್ಯಾಜ್ಯಕ್ಕೆ ಹೋಗಬೇಕು. ಒಡೆಯದ ಪ್ಯಾಕ್‌ಗಳು ಉಳಿದಿದ್ದರೆ, ಮೇಲೆ ಬರೆದ ಅವಧಿ ಮುಗಿಯುವ ಮುಂಚೆ ಅದೇ ಯಂತ್ರ ಇರುವ ಯಾರಿಗಾದರೂ ಕೊಟ್ಟುಬಿಡಿ.